ತಿಪ್ಪವ್ವ ಡಪ್ಪು ಕೆಳಗಿಡದ ದಿನ

ಓಣಿಯ ಹೆಂಗಸರು ತಿಪ್ಪವ್ವನ ಬಗ್ಗೆ ಎರಡು ಮಾತು ಆಡುತ್ತಿದ್ದರು. ಒಂದು, "ಆಕಿ ಮುಂದ ಜಗಳಾ ಆಡಬ್ಯಾಡ್ರವ್ವಾ, ಬರೂ ಹುಣ್ಣಿವಿಗೆ ಪದಾ ಆಗಿ ಬರತೈತಿ." ಇನ್ನೊಂದು, "ಆಕಿ ಡಪ್ಪು ಹಿಡದು ಹೇಳಿದ್ಲಂದ್ರ ಮುಗೀತು, ಮ್ಯಾಲ ಸಾಕ್ಷಿ ಬ್ಯಾಡ." ಮೊದಲನೆಯದನ್ನು ನಗುತ್ತ ಹೇಳುತ್ತಿದ್ದರು. ಎರಡನೆಯದನ್ನು ಹೇಳುವಾಗ ಯಾರೂ ನಗುತ್ತಿರಲಿಲ್ಲ.

ಲಕ್ಷ್ಮೇಶ್ವರದಿಂದ ಯಳವತ್ತಿಯ ದಾರಿ ಹಿಡಿದು, ನಡುವೆ ಎಡಕ್ಕೆ ಹೊರಳಿ ಹಳ್ಳ ದಾಟಿದರೆ ಎರಿಕಟ್ಟಿ. ಅರವತ್ತು ಮನೆಗಳ ಊರು. ತಿಪ್ಪವ್ವನದು ಹಳ್ಳದ ಕಡೆಯ ಕೊನೆಯ ಮನೆ. ಗಂಡ ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ತವರಿಗೆ ಬಂದವಳು ಅಲ್ಲೇ ಉಳಿದಳು. ತಾಯಿ ಕರೆವ್ವ ಸಾಯುವಾಗ ಮಗಳಿಗೆ ಬಿಟ್ಟುಹೋದದ್ದು ಆ ಮನೆ, ಹಳ್ಳದ ದಂಡೆಗೆ ಒಂದೆಕರೆ ಹೊಲ, ಮತ್ತು ಗೀಗೀ ಪದದ ಮೇಳ. ಮೇಳವೆಂದರೆ ಮೂರೇ ಜನ. ಡಪ್ಪು ಹಿಡಿದು ಮುಂದೆ ನಿಂತು ಹಾಡುವವಳು ತಿಪ್ಪವ್ವ. ಹಿಂದೆ ತುಂತುಣಿ ಮಿಡಿಯುವವನು ಪಿಂಜಾರ ಮಹಬೂಬಸಾಬ. ಹಗಲೆಲ್ಲ ಹತ್ತಿ ಹಿಂಜುತ್ತಿದ್ದ ಬೆರಳುಗಳಿಗೆ ತಂತಿಯೇನೂ ಹೊಸದಾಗಿರಲಿಲ್ಲ. ತಾಳ ಹಾಕುತ್ತ "ಗೀಯ ಗಾ ಗೀಯ ಗಾ" ಎಂದು ಸೊಲ್ಲು ಕೂಡಿಸುವವನು ಹುಚ್ಚಪ್ಪ, ಮಾತಿನ ಮಲ್ಲ.

ಆ ಮೇಳಕ್ಕೊಂದು ಕಾಯಿದೆ ಇತ್ತು, ಕರೆವ್ವ ಹಾಕಿಕೊಟ್ಟದ್ದು. ಕಣ್ಣಾರೆ ಕಂಡದ್ದನ್ನು ಡಪ್ಪು ಹಿಡಿದು ಹಾಡಬೇಕು. ಬರೀ ಕಿವಿಯಿಂದ ಕೇಳಿದ್ದನ್ನು ಡಪ್ಪು ನೆಲಕ್ಕಿಟ್ಟು ಹಾಡಬೇಕು. ಹಾಡಿನ ನಡುವೆ ತಾನು ಕಾಣದ ಸಂಗತಿ ಬಂತೆಂದರೆ ತಿಪ್ಪವ್ವ ಬಗ್ಗಿ ಡಪ್ಪನ್ನು ಕಾಲ ಬಳಿ ಇಟ್ಟು, ಬರಿಗೈ ಮುಂದೆ ಚಾಚಿ ಆ ನುಡಿ ಮುಗಿಸುವಳು. ಆಗ ತುಂತುಣಿಯೊಂದೇ ಸಣ್ಣಗೆ ಮಿಡಿಯುತ್ತಿರುತ್ತಿತ್ತು. ಕೂತವರಿಗೆ ತಿಳಿಯುತ್ತಿತ್ತು: ಇದು ಬಂದ ಸುದ್ದಿ, ಖರೆಯೂ ಇದ್ದೀತು, ಸುಳ್ಳೂ ಇದ್ದೀತು. ಪುರಾಣದ ಪದಗಳನ್ನಂತೂ ಮೊದಲಿನಿಂದ ಕೊನೆಯವರೆಗೆ ಬರಿಗೈಯಲ್ಲೇ ಹಾಡುತ್ತಿದ್ದಳು. "ದೇವರ ಪದಕ್ಕೂ ಡಪ್ಪು ಹಿಡಿಯಂಗಿಲ್ಲಲ್ಲಬೇ?" ಎಂದು ಯಾರಾದರೂ ಕೆಣಕಿದರೆ, "ನಾ ಏನ್ ಅವರ ಮದುವ್ಯಾಗ ಊಟಕ್ಕ ಹೋಗಿದ್ನೇನ?" ಅನ್ನುವಳು.

ಹೀಗಾಗಿ ಆಕೆಯ ಡಪ್ಪಿನ ಸದ್ದಿಗೆ ಒಂದು ತೂಕ ಬಂದಿತ್ತು. ಹೊಲದ ಗಡಿಕಲ್ಲು ರಾತ್ರೋರಾತ್ರಿ ನಾಲ್ಕು ಮಾರು ನಡೆದದ್ದನ್ನು ಆಕೆ ಒಂದು ಹುಣ್ಣಿಮೆಗೆ ಡಪ್ಪು ಬಡಿದು ಹಾಡಿದಳು. ಮರುದಿನ ಕಲ್ಲು ತನ್ನ ಜಾಗಕ್ಕೆ ವಾಪಸ್ಸು ಬಂದಿತ್ತು. ಯಾರೂ ಯಾರ ಹೆಸರನ್ನೂ ಎತ್ತಲಿಲ್ಲ.

ಸ್ವಾತಂತ್ರ್ಯ ಬಂದಾಗ ನಡೆದದ್ದನ್ನು ಹೇಳಲೇಬೇಕು. ಗದಗಿನಲ್ಲಿ ಬಾವುಟ ಏರಿತು, ಪೇಢೆ ಹಂಚಿದರು ಎಂದು ಸುದ್ದಿ ಬಂತು. ಊರವರು ಕಟ್ಟೆಯ ಮೇಲೆ ಸೇರಿ ತಿಪ್ಪವ್ವನನ್ನು ಕರೆಸಿದರು. ಆಕೆ ಬಂದಳು, ಡಪ್ಪು ಕೆಳಗಿಟ್ಟಳು, ಬರಿಗೈಯಲ್ಲಿ ಶುರು ಮಾಡಿದಳು. ಹರೆಯದವರಿಗೆ ಸಿಟ್ಟು ಬಂತು.

"ಯವ್ವಾ, ಸ್ವಾತಂತ್ರ್ಯಾನೂ ನಿನಗ ಗಾಳಿಸುದ್ದಿಯೇನ?"

"ಗದಗಿಗೆ ಬಂದೈತಂತ, ಬರಲಿ. ಲಕ್ಷ್ಮೇಶ್ವರ ಕಚೇರಿ ಮ್ಯಾಲ ಇನ್ನೂ ಸಂಸ್ಥಾನದ ಬಾವುಟಾನ ಐತಿ, ಮೊನ್ನಿ ಸಂತಿಗೆ ಹೋದಾಗ ನಾನ ನೋಡೇನಿ. ನಮ್ಮನಿ ತನಕ ಬರಲಿ, ಡಪ್ಪು ಹಿಡೀತೇನಿ."

ಮರುವರ್ಷ ಬೇಸಿಗೆಯ ಹೊತ್ತಿಗೆ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ಕೂಡಿಹೋಯಿತು. ತಿಪ್ಪವ್ವ ಬುತ್ತಿ ಕಟ್ಟಿಕೊಂಡು ಲಕ್ಷ್ಮೇಶ್ವರಕ್ಕೆ ನಡೆದುಹೋಗಿ, ಕಚೇರಿಯ ಎದುರು ನಿಂತು, ಕತ್ತೆತ್ತಿ ಹೊಸ ಬಾವುಟ ನೋಡಿ ಬಂದಳು. ಅವತ್ತು ಡಪ್ಪು ಹಿಡಿದಳು ನೋಡಿ, ಎರಿಕಟ್ಟಿಯ ಪಾಲಿಗೆ ಸ್ವಾತಂತ್ರ್ಯ ಬಂದದ್ದು ಅವತ್ತೇ.

ಐವತ್ನಾಲ್ಕರಲ್ಲಿ ಊರಿಗೆ ಜೀಪು ಬಂತು. ಗ್ರಾಮಗಳ ಏಳಿಗೆಗೆ ಸರಕಾರ ಯೋಜನೆ ತಂದಿದೆ, ಅದನ್ನು ಜನರಿಗೆ ಜನರ ಹಾಡಿನಲ್ಲೇ ತಿಳಿಸಬೇಕು ಎಂದು ಒಬ್ಬ ಪ್ರಚಾರದ ಸಾಹೇಬರು ಬಂದರು. ಬಿಳಿ ಪ್ಯಾಂಟು, ತಣ್ಣನೆಯ ಮಾತು, ಕಿಸೆಯಲ್ಲಿ ಎರಡು ಪೆನ್ನು. ಕೆಟ್ಟ ಮನುಷ್ಯನಲ್ಲ. ಹಾಡು ಕೇಳುವಾಗ ಕಣ್ಣು ಮುಚ್ಚುತ್ತಿದ್ದರು. ತಿಪ್ಪವ್ವನ ಮೇಳಕ್ಕೆ ತಿಂಗಳ ಸಂಬಳ ಗೊತ್ತು ಮಾಡಿ, ಮೊದಲನೆಯ ಪದ ಗೊಬ್ಬರದ ಗುಂಡಿಯ ಮೇಲೆ ಆಗಲಿ ಎಂದರು.

ತಿಪ್ಪವ್ವ ಆಗಲಿ ಅಂದವಳೇ ಹಿತ್ತಲಲ್ಲಿ ಗುಂಡಿ ತೋಡಿಸಿದಳು. ಕಸ ಹಾಕಿ, ಸೆಗಣಿ ಹಾಕಿ, ಮಣ್ಣು ಮುಚ್ಚಿ ಕಾಯುತ್ತ ಕೂತಳು. ಎರಡು ತಿಂಗಳಾಯಿತು, ಮೂರಾಯಿತು. ಸಾಹೇಬರು ಜೀಪು ನಿಲ್ಲಿಸಿ ಕೇಳಿದರು, "ತಿಪ್ಪವ್ವಾ, ಪದ ಆತೇನು?"

"ಇನ್ನೂ ಕೊಳೀಲಿಲ್ಲರಿ."

"ಪದಾನೋ, ಕಸಾನೋ?"

"ಕಸಾ ಕೊಳತ ಮ್ಯಾಲ ಪದಾ ಹುಟ್ಟತೈತರಿ, ಸಾಹೇಬ್ರ."

ಹುಚ್ಚಪ್ಪ ಬಿದ್ದು ಬಿದ್ದು ನಕ್ಕ. ಸಾಹೇಬರೂ ನಕ್ಕರು. ಆದರೆ ಆ ಗೊಬ್ಬರವನ್ನು ತನ್ನ ಒಂದೆಕರೆಗೆ ಹಾಕಿ, ಜೋಳದ ತೆನೆ ಕೈಯಲ್ಲಿ ಹಿಡಿದು ನೋಡಿದ ಮೇಲೆ ಆಕೆ ಕಟ್ಟಿದ ಪದ ಶಿರಹಟ್ಟಿಯಿಂದ ಮುಂಡರಗಿಯವರೆಗೆ ಹಬ್ಬಿತು. ಮೇಳ ಹಾಡಿಹೋದ ಹಳ್ಳಿಗಳಲ್ಲಿ ಜನ ಖರೇನೇ ಗುಂಡಿ ತೋಡಿದರು. ಸಿಡುಬು ಬಾರದಂತೆ ದೇವಿ ಹಾಕಿಸಿಕೊಳ್ಳುವ ಪದಕ್ಕೆ ಮೊದಲು ತನ್ನ ತೋಳಿಗೇ ಹಾಕಿಸಿಕೊಂಡು, ಜ್ವರ ಬಂದು ಇಳಿದ ಮೇಲೆ ಹಾಡಿದಳು. ಸಾಹೇಬರ ಹೆಸರು ಮೇಲಿನವರ ಕಿವಿಗೆ ಬಿತ್ತು.

ಇಷ್ಟರಲ್ಲಿ ತಿಪ್ಪವ್ವನಿಗೆ ನಲವತ್ತೈದು ದಾಟಿತ್ತು. ಮಕ್ಕಳಿರಲಿಲ್ಲ. ತನ್ನ ಹಿಂದೆ ಮೇಳ ಯಾರು ಹಿಡಿಯುವವರು ಎಂಬ ಚಿಂತೆ ಹತ್ತಿತ್ತು. ಓಣಿಯ ನಾಲ್ಕೈದು ಹುಡುಗಿಯರಿಗೆ ಕೊರಳಿತ್ತು, ಆದರೆ ಹೆಣ್ಣುಮಕ್ಕಳನ್ನು ಪದ ಕಲಿಯಲು ಒಬ್ಬರ ಮನೆಗೆ ಕಳಿಸಲು ತಂದೆತಾಯಿ ಒಲ್ಲೆನ್ನುತ್ತಿದ್ದರು. ಸರಕಾರದ ಸಾಲಿ ಎಂದರೆ ಕಳಿಸಿಯಾರು. ಇದನ್ನು ಆಕೆ ಒಮ್ಮೆ ಸಾಹೇಬರ ಮುಂದೆ ಬಾಯಿಬಿಟ್ಟಳು. ಸಾಹೇಬರು ಆ ಮಾತನ್ನು ಮರೆಯಲಿಲ್ಲ.

ಐವತ್ತೈದರ ಚಳಿಗಾಲದಲ್ಲಿ ಕೆರೆಯ ಮಾತು ಬಂತು. ಎರಿಕಟ್ಟಿಯ ಹಳ್ಳಕ್ಕೆ ಒಡ್ಡು ಹಾಕುವುದು. ಒಡ್ಡಿನ ಮೇಲ್ಭಾಗದಲ್ಲಿ ಐದು ಮನೆಯವರ ಹೊಲ ನೀರಿನಲ್ಲಿ ಮುಳುಗುತ್ತವೆ. ಅವರು ಮನಸಾರೆ ಒಪ್ಪಿ ಬಿಟ್ಟುಕೊಟ್ಟರೆ ಕೆಲಸ ಜಲ್ದಿ ಆಗುತ್ತದೆ. ಮುಳುಗಿದಷ್ಟೇ ಭೂಮಿಯನ್ನು ಒಡ್ಡಿನ ಕೆಳಗೆ, ನೀರಾವರಿ ಹೊಲವಾಗಿ, ಸರಕಾರ ಕೊಡುತ್ತದೆ. ಹೀಗೆಂದರು ಸಾಹೇಬರು. ಐವರಲ್ಲಿ ಮೊದಲನೆಯವಳು ದೇವವ್ವ. ಎರಡೂವರೆ ಎಕರೆ ಎರೆಭೂಮಿ, ಅದರಲ್ಲೇ ಒಂದು ಗುಡಿಸಲು, ವಿಧವೆ ಸೊಸೆ. ತಿಪ್ಪವ್ವನಿಗಿಂತ ಹತ್ತು ವರ್ಷಕ್ಕೆ ಹಿರಿಯಳು, ಬಾವಿಯಲ್ಲಿ ಜೊತೆಗೆ ನೀರು ಸೇದುವ ಗೆಳತಿ.

ತಿಪ್ಪವ್ವ ಪದ ಕಟ್ಟಿದಳು. ಕಟ್ಟಿ, ಸಾಹೇಬರನ್ನು ಕೇಳಿದಳು, "ಇಂಥಾ ಕೆರಿ ಮೊದಲ ಎಲ್ಲೆರೆ ಆಗೇತೇನರಿ? ಹೊಲಾ ಕೊಟ್ಟವರಿಗೆ ಹೊಲಾ ಸಿಕ್ಕೇತೇನರಿ?"

"ಮುಂಡರಗಿ ಕಡೆ ಒಂದು ಆಗ್ಯದ."

"ನನಗ ಒಮ್ಮಿ ತೋರಸ್ರಿ. ಕೊಟ್ಟ ಹೊಲಾ ನೋಡತೇನಿ, ಪಡದಾವನ ಮಾರಿ ನೋಡತೇನಿ."

"ಜೀಪಿನಾಗ ಕರಕೊಂಡು ಹೋಗ್ತೀನಿ," ಎಂದರು. ಒಂದು ವಾರ ಜೀಪು ಧಾರವಾಡಕ್ಕೆ ಹೋಗಿತ್ತು. ಮುಂದಿನ ವಾರ ಕೆಟ್ಟು ನಿಂತಿತ್ತು. ನಡೆದೇ ಹೋಗುತ್ತೇನೆ ಎಂದರೆ ಊರಿನ ಹೆಸರು ಕಾಗದ ನೋಡಿ ಹೇಳುವೆ ಎಂದರು. ಅಷ್ಟರಲ್ಲಿ ಸಭೆಯ ದಿನ ಬಂದುಬಿಟ್ಟಿತು.

ಶಾಲೆಯ ಬಯಲಿನಲ್ಲಿ ಮಂಟಪ. ಸುತ್ತಲಿನ ಹಳ್ಳಿಗಳ ಜನ, ಮೈಕು, ಮೇಜಿನ ಹಿಂದೆ ದೊಡ್ಡ ಸಾಹೇಬರು. ಮಧ್ಯಾಹ್ನ ನಾಲ್ಕರ ಬಿಸಿಲು. ಹಾಡುವ ಮುಂಚೆ ಪ್ರಚಾರದ ಸಾಹೇಬರು ಮೇಳವನ್ನು ಮಂಟಪದ ಹಿಂದಕ್ಕೆ ಕರೆದರು.

"ತಿಪ್ಪವ್ವಾ, ಮೂರನೇ ನುಡಿಯೊಳಗ ಡಪ್ಪು ಕೆಳಗಿಡ್ತೀಯೇನು?"

"ಇಡಬೇಕಲ್ಲರಿ. ಅದನ್ನ ನಾ ಕಂಡಿಲ್ಲ."

"ಇವತ್ತು ಇಡಬ್ಯಾಡ. ಜನ ಏನು ತಿಳ್ಕೋತಾರ? ಸರಕಾರಕ್ಕ ಸರಕಾರದ ಮಾತಿನ ಮ್ಯಾಲೆನ ನಂಬಿಗಿ ಇಲ್ಲ ಅಂತ ತಿಳ್ಕೋತಾರ. ದೊಡ್ಡ ಸಾಹೇಬರು ಕೂತಾರ." ದನಿ ತಗ್ಗಿಸಿ ಅಂದರು, "ಇವತ್ತಿನ ಸಭಾ ಚಲೋ ಆತಂದ್ರ ನಿಮ್ಮೂರಿಗೆ ಕಲಾ ಕೇಂದ್ರದ ಮಂಜೂರಿ ಇವರ ಕೈಯಿಂದನ ಆಗ್ತದ. ನಿನ್ನ ಪದದ ಸಾಲಿ. ನಾನ ಬರದೀನಿ."

ಮಹಬೂಬಸಾಬ ತುಂತುಣಿಯ ತಂತಿ ಬಿಗಿಯುತ್ತಿದ್ದವನು ಕತ್ತೆತ್ತಿ, "ಅಕ್ಕಾ, ಬ್ಯಾಡ," ಎಂದ. ಹುಚ್ಚಪ್ಪ, "ಸಾಹೇಬ್ರು ಕಂಡಾರಂದ್ರ ನಾವ್ ಕಂಡಂಗ ಆತಲ್ಲೋ, ಮಾರಾಯಾ," ಎಂದ. ತಿಪ್ಪವ್ವ ಡಪ್ಪು ಎತ್ತಿಕೊಂಡು ಮಂಟಪದ ಕಡೆ ನಡೆದಳು.

ಮೂರನೆಯ ನುಡಿ ಇದು:

ಒಡ್ಡಿನ ಮ್ಯಾಲ ಹ್ವಾದಷ್ಟು ಭೂಮಿ ಒಡ್ಡಿನ ಕೆಳಗ ಬರತೈತಿ
ಇಂದಿಗಿ ಬಿಟ್ಟು ಕೊಟ್ಟಾ ಕೈಗೆ ನಾಳಿಗಿ ನೀರಿನ ಹೊಲ ಐತಿ

ಎರಡನೆಯ ನುಡಿ ಮುಗಿದಾಗ ಮುಂದೆ ಕೂತಿದ್ದ ದೇವವ್ವನ ಕಣ್ಣು ತಿಪ್ಪವ್ವನ ಮುಖದ ಮೇಲಿರಲಿಲ್ಲ, ಕೈಯ ಮೇಲಿತ್ತು. ಐದೂ ಮನೆಯವರು ಆ ಕೈಯನ್ನೇ ನೋಡುತ್ತಿದ್ದರು. ಕೈ ಕೆಳಗಿಳಿಯಲಿಲ್ಲ. ಡಪ್ಪು ನಿಲ್ಲದೆ ನುಡಿಯಿತು. ಹಾಡು ಮುಗಿಯುವ ಮೊದಲೇ ದೇವವ್ವ ಎದ್ದು ಮೇಜಿನ ಬಳಿ ಹೋಗಿ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಮುಂದೆ ಮಾಡಿದಳು. "ಕಾಗದದಾಗ ಏನ ಬರದೀರಿ ಓದಿ ಹೇಳ್ರಿ," ಎಂದು ಆಕೆ ಕೇಳಲಿಲ್ಲ. ಯಾಕೆ ಕೇಳಬೇಕು? ಡಪ್ಪು ಹಿಡಿದು ಹೇಳಿಯಾಗಿತ್ತು. ಆಕೆಯ ಹಿಂದೆ ಉಳಿದ ನಾಲ್ವರೂ ಒತ್ತಿದರು. ದೊಡ್ಡ ಸಾಹೇಬರು ಚಪ್ಪಾಳೆ ತಟ್ಟಿದರು.

ಒಡ್ಡು ಬೇಸಿಗೆಯಲ್ಲೇ ಎದ್ದಿತು. ಐವತ್ತಾರರ ಮಳೆಗೆ ದೇವವ್ವನ ಎರಡೂವರೆ ಎಕರೆಯ ಮೇಲೆ ನೀರು ನಿಂತಿತು. ಗುಡಿಸಲಿನ ಚಪ್ಪರ ಒಂದು ವಾರ ತೇಲಿ, ಆಮೇಲೆ ಕಾಣದಾಯಿತು. ಅತ್ತೆ ಸೊಸೆ ದೇವವ್ವನ ತಮ್ಮನ ದನದ ಕೊಟ್ಟಿಗೆಯಲ್ಲಿ ಒಲೆ ಹೂಡಿದರು. "ನಾಲ್ಕ ದಿನದ ಮಾತು," ಎಂದು ದೇವವ್ವ ತಾನೇ ಎಲ್ಲರಿಗೂ ಸಮಾಧಾನ ಹೇಳುತ್ತಿದ್ದಳು.

ನವೆಂಬರ್ ಒಂದಕ್ಕೆ ಕರ್ನಾಟಕ ಒಂದಾಯಿತು. ಮೇಳವನ್ನು ಗದಗಿಗೆ ಕರೆಸಿದರು. ಮುಂಬೈ, ಹೈದರಾಬಾದು, ಸಂಸ್ಥಾನಗಳು ಎಂದು ಹರಿದುಹೋಗಿದ್ದವರು ಒಂದೇ ಮೆರವಣಿಗೆಯಲ್ಲಿ ನಡೆಯುವುದನ್ನು ತಿಪ್ಪವ್ವ ಕಂಡಳು, ಕಂಡು ಡಪ್ಪು ಹಿಡಿದು ಹಾಡಿದಳು. ಆಕೆ ಸಂತೋಷದಿಂದ ಹಾಡಿದ ಕೊನೆಯ ಹಾಡು ಅದೇ. ಪ್ರಚಾರದ ಸಾಹೇಬರು ಅಲ್ಲಿರಲಿಲ್ಲ. ಅವರು ಮುಂಬೈ ರಾಜ್ಯದ ನೌಕರಿಯನ್ನೇ ಆರಿಸಿಕೊಂಡು ಹೋಗಿದ್ದರು. ಹೋಗುವಾಗ ಎರಿಕಟ್ಟಿಯ ಕಡೆ ಬರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ದೇವವ್ವ ತಿಪ್ಪವ್ವನನ್ನು ಕರೆದುಕೊಂಡು ಕಚೇರಿಗೆ ಹೋದಳು. ಹೊಸ ಸಾಹೇಬರು ಹುಡುಗರಂತಿದ್ದರು. ಕಾಗದ ಹುಡುಕಿ ತೆಗೆದು, ಎರಡು ಸಲ ಓದಿ, ಕನ್ನಡಕ ತೆಗೆದರು.

"ಅಜ್ಜೀ, ನೀವು ಸ್ವಂತ ಸಂತೋಷದಿಂದ ದಾನ ಕೊಟ್ಟೀರಿ ಅಂತ ಐತಿ ಇದರೊಳಗ. ಬದಲಿ ಭೂಮಿ ಅಂತ ಎಲ್ಲೂ ಇಲ್ಲ. ಒಡ್ಡಿನ ಕೆಳಗ ಸರಕಾರದ್ದು ಒಂದು ಗುಂಟೆನೂ ಇಲ್ಲ. ಎಲ್ಲಾ ಖಾಸಗಿ ಹೊಲ."

"ಕೊಡತೇವಿ ಅಂತ ಹೇಳ್ಯಾರಲ್ಲೋ, ಯಪ್ಪಾ."

"ಯಾರು ಹೇಳಿದ್ದು?"

ದೇವವ್ವ ಪಕ್ಕಕ್ಕೆ ತಿರುಗಿದಳು. "ಇಕಿ ಹೇಳ್ಯಾಳ. ಡಪ್ಪು ಹಿಡದು ಹೇಳ್ಯಾಳ."

ಹೊಸ ಸಾಹೇಬರಿಗೆ ಅರ್ಥವಾಗಲಿಲ್ಲ. ಕಾರಕೂನ ಬಗ್ಗಿ ಕಿವಿಯಲ್ಲಿ ವಿವರಿಸಿದ. ಅವರು ನಕ್ಕರು, ಹೀಯಾಳಿಸಿ ಅಲ್ಲ, ಪಾಪ ಅಂದುಕೊಂಡು. "ಹಾಡಿನಾಗ ಹೇಳಿದ್ದಕ್ಕ ಯಾರೂ ಜವಾಬ್ದಾರಿ ಇರಂಗಿಲ್ಲ, ಅಜ್ಜೀ. ಹಾಡು ಹಾಡಽ ಅಲ್ಲೇನು?"

ಮೆಟ್ಟಿಲಿಳಿಯುವಾಗ ದೇವವ್ವ ಒಂದೇ ಮಾತು ಕೇಳಿದಳು. "ನೀ ಕಂಡಿದ್ದಿಲ್ಲ?"

"ಇಲ್ಲ, ದೇವಕ್ಕಾ."

ದೇವವ್ವ ಮುಂದೆ ನಡೆದಳು, ತಿಪ್ಪವ್ವ ಹತ್ತು ಹೆಜ್ಜೆ ಹಿಂದೆ.

ಊರವರು ತಿಪ್ಪವ್ವನಿಗೆ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಒಡ್ಡಿನ ಕೆಳಗೆ ಇದ್ದ ಖಾಸಗಿ ಹೊಲಗಳಲ್ಲಿ ಮೊದಲನೆಯದು ತಿಪ್ಪವ್ವನ ಒಂದೆಕರೆಯೇ ಎಂಬುದು ಈಗ ಎಲ್ಲರಿಗೂ ನೆನಪಾಯಿತು. "ತನ್ನ ಹೊಲಕ್ಕ ನೀರ ತಿರುವಿಕೊಂಡ್ಲು," ಎಂದು ಬಾವಿಯ ಬಳಿ ಒಬ್ಬಳು ಅಂದಳು, ಇಬ್ಬರು ಅಂದರು, ಹದಿನೈದು ದಿನದಲ್ಲಿ ಅದು ಊರ ಮಾತಾಯಿತು. ಹಾಡುವಾಗ ಆಕೆಯ ತಲೆಯಲ್ಲಿ ತನ್ನ ಹೊಲ ಇರಲೇ ಇಲ್ಲ, ಇದ್ದದ್ದು ಹುಡುಗಿಯರ ಸಾಲಿ. ಆದರೆ ಇದನ್ನು ಯಾರ ಮುಂದೆ ಹೇಳುವುದು? ಯಾವ ಬಾಯಿಂದ ಹೇಳುವುದು?

ಹಾಡಲು ಕರೆಯುವುದನ್ನೂ ಯಾರೂ ಬಿಡಲಿಲ್ಲ. ಹುಣ್ಣಿಮೆಗೆ ಕರೆದರು, ಹೋದಳು. ಆ ತಿಂಗಳು ಲಕ್ಷ್ಮೇಶ್ವರದ ಜೋಳದ ಅಂಗಡಿಯೊಂದರಲ್ಲಿ ತಾನು ಕಂಡ ಕಳ್ಳ ತೂಕದ ಸಂಗತಿ ಹಾಡಿದಳು. ನಡುವೆ ಕೇಳಿದ ಮಾತು ಬಂತು, ಅಭ್ಯಾಸದಂತೆ ಡಪ್ಪು ಕೆಳಗಿಡಲು ಬಗ್ಗಿದಳು. ತಾಳ ಹಿಡಿದು ನಿಂತಿದ್ದ ಹುಚ್ಚಪ್ಪನೇ ಹಿಂದಿನಿಂದ ಅಂದ, "ಬಗ್ಗಿ ಯಾಕ ಸೊಂಟಾ ನೋಯಿಸಿಕೋತೀಯವ್ವಾ, ಇಟ್ಟರೂ ಅಷ್ಟ, ಹಿಡದರೂ ಅಷ್ಟ!"

ಜನ ಹೋ ಎಂದು ನಕ್ಕರು. ಪದ ಚಲೋ ಇತ್ತು ಎಂದರು, ದನಿ ಇನ್ನೂ ಗಟ್ಟಿ ಐತಿ ಎಂದರು, ಅಡಿಕೆ ಎಲೆ ಕೊಟ್ಟರು. ಮರುದಿನ ಅದೇ ಅಂಗಡಿಯಲ್ಲಿ ಅದೇ ತೂಕಕ್ಕೆ ಜೋಳ ತೂಗಿಸಿಕೊಂಡರು. ಅವತ್ತಿನಿಂದ ಆಕೆ ಡಪ್ಪು ಮುಟ್ಟಲಿಲ್ಲ.

ಕಲಾ ಕೇಂದ್ರ ಮಾತ್ರ ಬಂತು. ಶಾಲೆಯ ಪಕ್ಕ ಒಂದು ಕೋಣೆ ಕಟ್ಟಿ, ಬೋರ್ಡು ಬರೆಸಿ, ಸಿಮೆಂಟಿನ ಚೀಲ ತುಂಬಿ ಬೀಗ ಹಾಕಿದರು.

ಬೇಸಿಗೆಯಲ್ಲಿ ತಿಪ್ಪವ್ವ ದೇವವ್ವನ ಕೊಟ್ಟಿಗೆಗೆ ಹೋದಳು. ಸೊಸೆ ರೊಟ್ಟಿ ಬಡಿಯುತ್ತಿದ್ದಳು. ದನದ ಗಂಜಲದ ವಾಸನೆಯಲ್ಲೇ ಇಬ್ಬರೂ ಕೂತರು.

"ದೇವಕ್ಕಾ, ನನ್ನ ಒಂದೆಕರೆ ಒಡ್ಡಿನ ಕೆಳಗ ಐತಿ. ಎರಡೂವರಿ ಆಗಂಗಿಲ್ಲ. ಕಡಿಮಿ ಬಿದ್ದದ್ದಕ್ಕ ಮನಿ, ಹಿತ್ತಲಾ ತೊಗೊ. ನಾ ಹಾಡಿದ್ದು ಒಬ್ಬರಿಗೆರೆ ಖರೆ ಆಗಲಿ."

ದೇವವ್ವ ಒಲೆಯ ಕಟ್ಟಿಗೆ ಒಳಕ್ಕೆ ನೂಕಿದಳು. "ಬ್ಯಾಡ ಅನ್ನೂವಷ್ಟು ನನ್ನ ಹಂತೇಕ ಏನೂ ಉಳದಿಲ್ಲವ್ವಾ," ಎಂದಳು. "ಕೊಟ್ಟರ ತೊಗೋತೇನಿ. ಆದ್ರ ನೀ ಕೊಟ್ಟಿ ಅಂತ ಉಬ್ಬಾಕ ಹೋಗಬ್ಯಾಡ."

ಶಿರಹಟ್ಟಿಗೆ ಹೋಗಿ ಕಾಗದ ಮಾಡಿಸಿ ಬಂದರು. ಈ ಸಲ ದೇವವ್ವ ಪ್ರತಿ ಸಾಲನ್ನೂ ಎರಡೆರಡು ಸಲ ಓದಿಸಿ ಕೇಳಿದಳು.

ಇಷ್ಟಾದರೂ ಊರಿನ ಬಾಯಿ ಮುಚ್ಚಲಿಲ್ಲ. "ತಪ್ಪು ಮಾಡಿದ್ದಕ್ಕ ಕೊಟ್ಟಾಳ, ಇಲ್ಲಂದ್ರ ಯಾರ್ ಕೊಡತಾರ?" ಎಂದರು. ಹೊಲ ಕಳೆದುಕೊಂಡ ಉಳಿದ ನಾಲ್ಕು ಮನೆಯವರು ಒಬ್ಬೊಬ್ಬರಾಗಿ ಬಂದು ಅಂಗಳದಲ್ಲಿ ನಿಂತರು. "ದೇವವ್ವಗ ಕೊಟ್ಟಿ, ನಮ್ಮ ಪಾಲು?" ಆಕೆಯ ಹತ್ತಿರ ಕೊಡುವಂಥದ್ದು ಇನ್ನೇನೂ ಇರಲಿಲ್ಲ. ಅವರಲ್ಲೊಬ್ಬ ಹೋಗುವಾಗ ಹಿತ್ತಲ ಬೇಲಿಯ ಎರಡು ಗೂಟ ಕಿತ್ತುಕೊಂಡು ಹೋದ.

ಮಹಬೂಬಸಾಬನೊಬ್ಬ ಜಗಳಕ್ಕೆ ಬಂದ. "ತುಂತುಣಿ ಬಾರಿಸಿದಾಂವ ನಾನು. ಅವತ್ತು ಕೈ ನಿಲ್ಲಿಸಿದ್ರ ನೀನೂ ನಿಲ್ಲತಿದ್ದಿ. ತಪ್ಪೆಲ್ಲಾ ಒಬ್ಬಾಕಿನ ಹೊತಗೊಂಡು ಹೋಗತೀಯೇನಕ್ಕಾ?"

"ನೀ ಬ್ಯಾಡ ಅಂದಿದ್ದಿ, ತಮ್ಮಾ. ನಾ ಕೇಳಲಿಲ್ಲ. ನನಗ ಸಾಲಿ ಬೇಕಾಗಿತ್ತು."

"ಹಾಡೋದಾರ ಬಿಡಬ್ಯಾಡ. ಬ್ಯಾರೆ ಊರಾಗ ಹಾಡೂಣು. ಅವರಿಗೆ ಏನ್ ಗೊತ್ತೈತಿ?"

"ನನಗ ಗೊತ್ತೈತಲ್ಲೋ," ಎಂದಳು. ಅವನು ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿ ನಿಂತಿದ್ದು, ಹೋದ.

ಬೆಟಗೇರಿಯಲ್ಲಿ ದೂರದ ನಂಟಿನ ಒಂದು ನೇಕಾರರ ಮನೆಯಿತ್ತು. ನೂಲು ಸುತ್ತಿಕೊಟ್ಟರೆ ಊಟಕ್ಕೆ, ಮಲಗಲು ಜಾಗಕ್ಕೆ ಅಡ್ಡಿಯಿಲ್ಲ ಎಂದಿದ್ದರು. ಮುಂಗಾರು ಶುರುವಾಗುವ ಮುಂಚೆ ಒಂದು ಸೋಮವಾರ ಮುಂಜಾನೆ ದೇವವ್ವ ಮತ್ತು ಸೊಸೆ ಕೋಳಿಬುಟ್ಟಿ, ಹಾಸಿಗೆ ಸುರುಳಿ, ಬೀಸುಕಲ್ಲು ಹೊರಿಸಿಕೊಂಡು ಬಂದರು. ತಿಪ್ಪವ್ವ ಒಲೆಯ ಬೂದಿ ತೆಗೆದು, ನೀರು ತುಂಬಿಟ್ಟಿದ್ದಳು. ಎರಡು ಸೀರೆ, ಒಂದು ಗಂಗಾಳ, ಒಂದು ಕೌದಿ ಗಂಟಿನಲ್ಲಿದ್ದವು.

"ಮಾಳಿಗಿ ಎಲ್ಲಿ ಸೋರತೈತಿ?" ಎಂದು ದೇವವ್ವ ಕೇಳಿದಳು.

"ಪಡಸಾಲಿ ಮೂಲ್ಯಾಗ. ಮಳಿ ಬರೂದ್ರಾಗ ಮ್ಯಾಲ ಮಣ್ಣ ಹಾಕಸು."

"ಹೂಂ."

ಕುಡಿಯಲು ಏನಾದರೂ ಬೇಕೇ ಎಂದು ದೇವವ್ವ ಕೇಳಲಿಲ್ಲ. ತಾನು ಬಂದ ಮನೆಯಲ್ಲಿ ಇನ್ನೂ ಒಲೆ ಹೊತ್ತಿಸಿರಲಿಲ್ಲ. ತಿಪ್ಪವ್ವ ಗಂಟು ತಲೆಯ ಮೇಲಿಟ್ಟುಕೊಂಡು ಹೊಸ್ತಿಲು ದಾಟಿದಳು. ಹಿಂದಿನಿಂದ ಸೊಸೆಗೆ ಜೀವ ತಡೆಯಲಿಲ್ಲ. ಮನೆ ಬಿಡುವವರು ಹೋಗುತ್ತೇನೆ ಅನ್ನಬಾರದು, ಹೋಗಿ ಬರುತ್ತೇನೆ ಅನ್ನಬೇಕು. ತಿಪ್ಪವ್ವ ಅಷ್ಟೂ ಅನ್ನದೆ ಹೊರಟಿದ್ದಳಲ್ಲ.

"ಚಿಗವ್ವಾ, ಬರತೇನಿ ಅನ್ನಬೇಕಲ್ಲಬೇ," ಎಂದಳು.

ತಿಪ್ಪವ್ವ ಅಂಗಳದಲ್ಲಿ ನಿಂತಳು. ತಿರುಗಿ ನೋಡಲು ತಲೆಯ ಮೇಲಿನ ಗಂಟು ಬಿಡಲಿಲ್ಲ.

"ಬರಂಗಿಲ್ಲವ್ವಾ," ಎಂದಳು. "ಹೋಗತೇನಿ."